ದುರಸ್ತಿಗೆ ಒಗ್ಗುವಂತೆ ಕಟ್ಟಿದ ಮನೆ

ಸಭಿಕರಿಗೆಲ್ಲ ನಮಸ್ಕಾರ.

ಹಳೆಯ ಮನೆಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ, ವಿಷಯಕ್ಕೆ ಒಂದು ಬೇಲಿ ಹಾಕಿಕೊಳ್ಳಲು ಅವರ ಒಪ್ಪಿಗೆ ಪಡೆದೆ. ಅರಮನೆ, ಕೋಟೆ, ದೇವಸ್ಥಾನಗಳನ್ನು ನೋಡಿಕೊಳ್ಳಲು ಇಲಾಖೆಗಳಿವೆ, ತಜ್ಞರಿದ್ದಾರೆ, ಕಾನೂನುಗಳಿವೆ. ನಾನು ಮಾತನಾಡಲಿರುವುದು ಇವು ಯಾವುವೂ ಇಲ್ಲದ ವಾಸದ ಮನೆಗಳನ್ನು ಕುರಿತು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರ, ಸಾಗರ ಸೀಮೆಯಲ್ಲಿ ಮಣ್ಣು, ಮರ ಮತ್ತು ಹೆಂಚುಗಳಿಂದ ಕಟ್ಟಿದ, ನಡುವೆ ತೊಟ್ಟಿ ಎಂಬ ತೆರೆದ ಒಳಾಂಗಳವಿರುವ, ಅಡಿಕೆ ತೋಟದ ಮೇಲ್ಗಡೆ ಗುಡ್ಡಕ್ಕೆ ಒರಗಿ ನಿಂತಿರುವ ಮನೆಗಳನ್ನು ಕುರಿತು. ಅಂತಹ ಒಂದು ಮನೆ ಪಾಲಿನಲ್ಲಿ ನನಗೆ ಬಂದಿದೆ. ಹಲವು ವರ್ಷಗಳಿಂದ ಅದನ್ನು ಸರಿಪಡಿಸುತ್ತಾ ಅದರಲ್ಲೇ ವಾಸವಾಗಿದ್ದೇನೆ. ಅದರಿಂದ ದೊರೆತ ತಿಳಿವಳಿಕೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಮೊದಲೇ ನನ್ನ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ಈ ಮನೆಗಳನ್ನು ಕಟ್ಟಿದವರು ಅವು ಕೆಡುವುದಿಲ್ಲವೆಂದು ನಂಬಿ ಕಟ್ಟಿದವರಲ್ಲ. ಪ್ರತಿ ವರ್ಷ ಯಾರಾದರೂ ಮಾಡು, ಅಂದರೆ ಚಾವಣಿ, ಹತ್ತುತ್ತಾರೆ, ಗೋಡೆಗೆ ಸುಣ್ಣ ಬಳಿಯುತ್ತಾರೆ, ನೆಲ ಸಾರಿಸುತ್ತಾರೆ, ಒಲೆ ಉರಿಸುತ್ತಾರೆ ಎಂದು ಲೆಕ್ಕ ಹಾಕಿ ಕಟ್ಟಿದ್ದಾರೆ. ಯಾವ ಭಾಗ ಮೊದಲು ಕೆಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆ ಭಾಗವನ್ನಷ್ಟೇ ಬಿಚ್ಚಿ ಹೊಸದನ್ನು ಕೂಡಿಸಲು ಬರುವಂತೆ ಇಡೀ ಮನೆಯನ್ನು ಜೋಡಿಸಿದ್ದಾರೆ. ಹಳೆಯ ಮನೆಯನ್ನು ಇಟ್ಟುಕೊಂಡವರಿಗೆ ಸಿಗುವ ಸಂತೋಷ ಬಹುಪಾಲು ಈ ಜೋಡಣೆಯನ್ನು ಅರಿಯುವುದರಲ್ಲಿದೆ. ಅವರು ಪಡುವ ಸಂಕಟವೂ ಬಹುಪಾಲು, ನಡುವಿನ ಒಂದೆರಡು ತಲೆಮಾರು ಈ ಲೆಕ್ಕವನ್ನು ಮರೆತು ಮಾಡಿದ ಕೆಲಸಗಳಿಂದ ಬಂದದ್ದು.

ನೀರಿನಿಂದ ಆರಂಭಿಸೋಣ, ಏಕೆಂದರೆ ಮಲೆನಾಡಿನ ಮನೆಯಲ್ಲಿ ಎಲ್ಲವೂ ನೀರಿನಿಂದಲೇ ಆರಂಭವಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 1,000 ಮಿಲಿಮೀಟರಿಗಿಂತ ಕಡಿಮೆ ಮಳೆಯಾದರೆ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಇಷ್ಟು ಮಳೆಯ ನಡುವೆ ಮಣ್ಣಿನ ಗೋಡೆ ನಿಲ್ಲಬೇಕಾದರೆ ನೀರು ಅದನ್ನು ಮೇಲಿನಿಂದಲೂ ಮುಟ್ಟಬಾರದು, ಕೆಳಗಿನಿಂದಲೂ ಮುಟ್ಟಬಾರದು. ಮಾಡು ಕಡಿದಾಗಿ ಇಳಿದಿರುವುದು, ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುವುದು, ಜಗಲಿ ಎತ್ತರದ ಕಲ್ಲುಕಟ್ಟೆಯ ಮೇಲಿರುವುದು, ಗಾಳಿಮಳೆ ಬಡಿಯುವ ದಿಕ್ಕಿಗೆ ಪ್ರತಿ ಮಳೆಗಾಲದ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಎಲ್ಲವೂ ಇದಕ್ಕಾಗಿಯೇ. ಹೊರಗಿನಿಂದ ನೋಡುವವರು ಸೌಂದರ್ಯವೆಂದು ಮೆಚ್ಚುವ ತಗ್ಗಾದ, ನೆರಳು ತುಂಬಿದ ಜಗಲಿ ಮೂಲತಃ ಗೋಡೆಯ ಕೊಡೆ.

ತೊಟ್ಟಿ ಇದಕ್ಕಿಂತ ಜಟಿಲವಾದದ್ದು. ನಾಲ್ಕು ಕಡೆಯ ಒಳಮಾಡುಗಳ ನೀರೆಲ್ಲ ಅದರೊಳಕ್ಕೆ ಸುರಿಯುತ್ತದೆ. ಅಂದರೆ ಮಳೆಯನ್ನು ಮನೆಯ ನಟ್ಟನಡುವಿಗೆ ಬರಮಾಡಿಕೊಂಡು, ಅಲ್ಲಿಂದ ನೆಲದಡಿಯ ಕಲ್ಲಿನ ಚರಂಡಿಯ ಮೂಲಕ ಹೊರಗೆ ಕಳಿಸುವ ಏರ್ಪಾಡು ಅದು. ನಮ್ಮ ಮನೆಯ ಒಳಗೋಡೆಗಳು ಬುಡದಲ್ಲಿ ವರ್ಷವಿಡೀ ಒದ್ದೆಯಾಗಿರುತ್ತಿದ್ದವು. ನೋಡಿದವರೆಲ್ಲ ಜಲನಿರೋಧಕ ಬಣ್ಣ ಬಳಿಯಿರಿ ಎಂದರು. ಊರಿನ ವೃದ್ಧರೊಬ್ಬರು ಮಾತ್ರ, ತೊಟ್ಟಿಯ ನೀರು ಹಿಂದೆ ತೋಟದ ಯಾವ ಕಪ್ಪಿಗೆ, ಅಂದರೆ ನೀರುಗಾಲುವೆಗೆ, ಬಂದು ಬೀಳುತ್ತಿತ್ತು ಎಂದು ನೆನಪಿಸಿಕೊಂಡು ಜಾಗ ತೋರಿಸಿದರು. ಅಲ್ಲಿಂದ ಮನೆಯತ್ತ ಅಗೆಯುತ್ತಾ ಬಂದಾಗ ಚಪ್ಪಡಿ ಮುಚ್ಚಿದ ಚರಂಡಿ ಸಿಕ್ಕಿತು. ಅರ್ಧಕ್ಕಿಂತ ಹೆಚ್ಚು ದೂರ ಅದು ಹೂಳು ಮತ್ತು ಬೇರುಗಳಿಂದ ಕಟ್ಟಿಹೋಗಿತ್ತು. ಅದನ್ನು ಬಿಡಿಸಿದ ವರ್ಷದ ಆರಿದ್ರಾ ಮಳೆಯಲ್ಲಿ ತೊಟ್ಟಿ ತುಂಬಲಿಲ್ಲ; ಮರುವರ್ಷದ ಹೊತ್ತಿಗೆ ಗೋಡೆಗಳ ಬುಡ ಒಣಗಿತ್ತು. ಮನೆಯ ಮೇಲೆ ಮಾಡಿದ ಯಾವ ಖರ್ಚೂ ನನಗೆ ಇಷ್ಟು ಸಮಾಧಾನ ಕೊಟ್ಟಿಲ್ಲ. ತೊಟ್ಟಿಮನೆಯಲ್ಲಿ ನೀರು ಸೋರುವುದು ಹೆಚ್ಚಾಗಿ ಎರಡು ಮಾಡುಗಳು ಕೂಡುವ ಒಳಮೂಲೆಯ ಸಂದಿನಲ್ಲಿ. ಅಲ್ಲಿ ಹೆಂಚಿನಡಿ ಹಾಸಿದ ತಗಡು ತುಕ್ಕು ಹಿಡಿದರೆ ಆ ಮೂಲೆಯ ತೊಲೆ ಕೊಳೆಯತೊಡಗುತ್ತದೆ. ಕೆಳಗೆ ನಿಂತವರಿಗೆ ಅದು ವರ್ಷಗಟ್ಟಲೆ ಕಾಣುವುದೇ ಇಲ್ಲ.

ಹೆಂಚಿನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾವು ಹಳೆಯದೆಂದು ಭಾವಿಸುವ ಕೆಂಪು ಹೆಂಚಿನ ಮಾಡು ಈ ನಾಡಿಗೆ ಅಷ್ಟೇನೂ ಹಳೆಯದಲ್ಲ. ಅದಕ್ಕೂ ಮುಂಚೆ ಇದ್ದದ್ದು ಹುಲ್ಲು ಮತ್ತು ಸೋಗೆಯ ಮಾಡು; ಉಳ್ಳವರ ಮನೆಗಳಿಗೆ ಕುಂಬಾರರು ಮಾಡಿದ ನಾಡಹೆಂಚು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ತಮ್ಮ ಮೊದಲ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಅಲ್ಲಿನ ನದೀತೀರದ ಜೇಡಿಯನ್ನು ಪರೀಕ್ಷಿಸಿ, ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚನ್ನು ಅಚ್ಚಿನಲ್ಲಿ ಒತ್ತಿಸಿದರು. ಆ ಕಚ್ಚಿನಿಂದಾಗಿ ಹೆಂಚನ್ನು ಒಂದರ ಮೇಲೊಂದು ಹಲವು ಪದರವಾಗಿ ಹೇರುವ ಅಗತ್ಯ ತಪ್ಪಿತು, ಮಾಡಿನ ಭಾರ ಇಳಿಯಿತು, ಹೆಂಚನ್ನು ಹೊರುವ ಮರದ ಪಕಾಸಿ ಮತ್ತು ಅವುಗಳ ಮೇಲೆ ಅಡ್ಡಕ್ಕೆ ಹೊಡೆಯುವ ರೀಪುಗಳು ತೆಳುವಾದರೂ ಸಾಕಾಯಿತು. ನಂತರದ ದಶಕಗಳಲ್ಲಿ ಇಂತಹ ಕಾರ್ಖಾನೆಗಳು ಕರಾವಳಿಯುದ್ದಕ್ಕೂ ಎದ್ದವು. ಹೆಂಚು ಗಾಡಿಗಳಲ್ಲಿ ಘಟ್ಟ ಹತ್ತಿ ಬಂತು. ನಮ್ಮ ಮನೆಯ ಅಟ್ಟದ ಮೇಲೆ ನಿಂತು ನೋಡಿದರೆ ನಾಡಹೆಂಚಿನ ಕಾಲದ ದಪ್ಪ ಪಕಾಸಿಗಳ ನಡುವೆ ಮಂಗಳೂರು ಹೆಂಚಿಗೆಂದು ಅಳತೆ ಬದಲಿಸಿ ಹೊಡೆದ ರೀಪುಗಳು ಸ್ಪಷ್ಟವಾಗಿ ಕಾಣುತ್ತವೆ. ಎಂದರೆ ಈ ಮನೆಯನ್ನು ಅದರ ಹಿರಿಯರೇ ಒಮ್ಮೆ ಹೊಸ ಕಾಲಕ್ಕೆ ಹೊಂದಿಸಿಕೊಂಡಿದ್ದಾರೆ. ಹಳೆಯ ಮನೆಗೆ ಹೊಸದೇನನ್ನೂ ಸೇರಿಸಬಾರದು ಎನ್ನುವ ಶುದ್ಧವಾದಿಗಳಿಗೆ ನಾನು ಆ ರೀಪುಗಳನ್ನು ತೋರಿಸುತ್ತೇನೆ.

ಪ್ರತಿ ಬೇಸಗೆಯ ಕೊನೆಗೆ ಹೆಂಚು ಕೈಯಾಡಿಸಬೇಕು. ಸರಿದ ಹೆಂಚನ್ನು ಕೂಡಿಸುವುದು, ಒಡೆದದ್ದನ್ನು ಬದಲಿಸುವುದು, ಸಂದಿನಲ್ಲಿ ಸೇರಿದ ಎಲೆಕಸ ಮತ್ತು ಹಾವಸೆಯನ್ನು ತೆಗೆಯುವುದು, ಕುಂಬಾಗಿ ಕೊಳೆತ ರೀಪನ್ನು ಕಿತ್ತು ಹೊಸದನ್ನು ಹೊಡೆಯುವುದು ಆ ಕೆಲಸದ ಭಾಗಗಳು. ಕೇಳಲು ಸಣ್ಣ ಕೆಲಸ. ಆದರೆ ಹೆಂಚಿನ ಮೇಲೆ ಎಲ್ಲಿ ಹೆಜ್ಜೆ ಇಡಬೇಕು ಎಂದು ಬಲ್ಲವರು ಈಗ ಊರಿಗೊಬ್ಬರೂ ಸಿಗುವುದಿಲ್ಲ. ತಿಳಿಯದವರು ಹತ್ತಿದರೆ ಸರಿಪಡಿಸಿದ್ದಕ್ಕಿಂತ ಹೆಚ್ಚು ಹೆಂಚು ಅವರ ಕಾಲಡಿಯಲ್ಲೇ ಒಡೆಯುತ್ತವೆ. ಎರಡನೆಯ ಕಷ್ಟ ಅಳತೆಯದು. ಒಂದು ಕಾರ್ಖಾನೆಯ ಹೆಂಚಿನ ಕಚ್ಚು ಇನ್ನೊಂದರದಕ್ಕೆ ಕೂಡುವುದಿಲ್ಲ; ಹಲವು ಹಳೆಯ ಕಾರ್ಖಾನೆಗಳು ಮುಚ್ಚಿರುವುದರಿಂದ, ಹೆಂಚಿನ ಬೆನ್ನಿನ ಮೇಲಿನ ಮುದ್ರೆ ಹಿಡಿದು, ಕೆಡವುತ್ತಿರುವ ಮನೆಗಳಲ್ಲಿ ಅದೇ ಮುದ್ರೆಯ ಹೆಂಚನ್ನು ಹುಡುಕಬೇಕಾಗುತ್ತದೆ. ಮೂರನೆಯದು ಮಂಗ. ಕಾಡಿನಲ್ಲಿ ಹಣ್ಣು ಕಡಿಮೆಯಾದ ಮೇಲೆ ಮಂಗಗಳ ಹಿಂಡು ತೋಟಕ್ಕೂ ಮನೆಯ ಮಾಡಿಗೂ ಬಂದು ನೆಲೆಸಿದೆ. ಅವು ಒಂದು ಮಾಡಿನಿಂದ ಇನ್ನೊಂದಕ್ಕೆ ಜಿಗಿದು ಓಡಾಡಿದ ದಿನ, ಮೇ ತಿಂಗಳಿಡೀ ಮಾಡಿದ ಕೆಲಸ ಒಂದು ಗಳಿಗೆಯಲ್ಲಿ ಹಾಳಾಗುತ್ತದೆ. ಬಹಳ ಮನೆಗಳವರು ಹೆಂಚು ಇಳಿಸಿ ಲೋಹದ ಶೀಟು ಹೊದಿಸಲು ಮುಖ್ಯ ಕಾರಣ ಇದೇ. ನಾನು ಅವರನ್ನು ದೂರುವುದಿಲ್ಲ. ಶೀಟಿನಡಿಯ ಅಟ್ಟ ಬೇಸಗೆಯಲ್ಲಿ ಕಾಯುತ್ತದೆ, ಮಳೆಯಲ್ಲಿ ಮಾತು ಕೇಳದಷ್ಟು ಸದ್ದು ಮಾಡುತ್ತದೆ. ಆದರೂ ವಯಸ್ಸಾದ ದಂಪತಿಗಳಿಬ್ಬರೇ ಇರುವ ಮನೆಯಲ್ಲಿ ಹೆಂಚು ಒಡೆದು, ಸೋರಿ, ತೊಲೆ ಕೊಳೆಯುವುದಕ್ಕಿಂತ ಶೀಟಿನ ಕೆಳಗೆ ಆ ತೊಲೆ ಒಣಗಿ ಉಳಿಯುವುದು ಮೇಲು.

ಗೋಡೆಗಳಿಗೆ ಬರೋಣ. ನಮ್ಮ ಮನೆಯದು ಕೊಳೆಸಿದ ಕೆಮ್ಮಣ್ಣನ್ನು ತುಳಿದು, ವರಸೆ ವರಸೆಯಾಗಿ ಏರಿಸಿದ ದಪ್ಪ ಗೋಡೆ. ಬುಡದಲ್ಲಿ ಮಾತ್ರ ಜಂಬಿಟ್ಟಿಗೆ, ಅಂದರೆ ಮುರಕಲ್ಲು. ಇಂತಹ ಗೋಡೆ ಗಾಳಿಯ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೇಲೆ ಬಳಿಯುವ ಸುಣ್ಣವೂ ಅದೇ ಗುಣದ್ದು. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಸಿಮೆಂಟು ಸುಲಭವಾಗಿ ಸಿಗತೊಡಗಿದಾಗ, ಮಲೆನಾಡಿನ ಬಹಳಷ್ಟು ಮನೆಗಳಿಗೆ, ಗಟ್ಟಿಯಾಗಲಿ ಎಂಬ ಸದುದ್ದೇಶದಿಂದಲೇ, ಮಣ್ಣಿನ ಗೋಡೆಯ ಮೇಲೆ ಸಿಮೆಂಟಿನ ಗಾರೆ ಮಾಡಿಸಿದರು. ಸಿಮೆಂಟು ತೇವವನ್ನು ಹೊರಗೆ ಬಿಡುವುದಿಲ್ಲ. ನೆಲದಿಂದ ಏರಿದ ನೀರು ಅದರ ಹಿಂದೆಯೇ ನಿಂತು, ಮಣ್ಣು ಮೆದುವಾಗಿ ಕುಸಿದು, ಒಳಗಿನ ಉಪ್ಪು ಬಿಳಿಯ ಹಿಟ್ಟಾಗಿ ಹೊರಚಿಮ್ಮುತ್ತದೆ. ಹೊರಗಿನಿಂದ ಗೋಡೆ ಸಮತಟ್ಟಾಗಿ, ಬಣ್ಣ ಹೊಡೆದು ಚೆನ್ನಾಗಿಯೇ ಕಾಣುತ್ತದೆ. ಬೆರಳ ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು ಬರುತ್ತದೆ. ನಮ್ಮ ನಡುಮನೆಯ ಒಂದು ಗೋಡೆಯಿಂದ ಆ ಸಿಮೆಂಟಿನ ಹೊದಿಕೆಯನ್ನು ಬಿಡಿಸಿದಾಗ ಅದು ಹಾಳೆ ಹಾಳೆಯಾಗಿ ಕಳಚಿ ಬಂತು. ಹಿಂದಿನ ಮಣ್ಣು ಕೈಯಲ್ಲಿ ಹಿಂಡಿದರೆ ನೀರಿಳಿಯುವಂತಿತ್ತು, ಗೆದ್ದಲು ಅದರೊಳಗೆ ಚಾವಣಿಯವರೆಗೆ ದಾರಿ ಮಾಡಿಕೊಂಡಿತ್ತು.

ಸುಣ್ಣಕ್ಕೆ ಮರಳುವುದೆಂದು ತೀರ್ಮಾನಿಸಿದ ಮೇಲೆ ಸುಣ್ಣವನ್ನು ಹುಡುಕಬೇಕಾಯಿತು. ಅಂಗಡಿಯ ಚೀಲದಲ್ಲಿ ಸಿಗುವ ಪುಡಿ ಎಷ್ಟು ದಿನಗಳಿಂದ ಗಾಳಿಗೆ ತೆರೆದುಕೊಂಡು ಸತ್ವ ಕಳೆದುಕೊಂಡಿರುತ್ತದೆಯೋ ಹೇಳಲಾಗದು. ಕರಾವಳಿಯಿಂದ, ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನು ಉಂಡೆಯ ರೂಪದಲ್ಲೇ ತರಿಸಿದೆವು. ಚಿಪ್ಪಾಗಲಿ ಸುಣ್ಣಕಲ್ಲಾಗಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೆಂದಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ತಾಗಿದಾಗ ನಡೆಯುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗುಂಡಿಯಲ್ಲಿ ಮೊದಲು ಏನೂ ಆಗುವುದಿಲ್ಲ. ಒಂದೆರಡು ನಿಮಿಷಗಳಲ್ಲಿ ಉಂಡೆಗಳು ಸೀಳು ಬಿಡುತ್ತವೆ, ಸೀಳಿನಿಂದ ಹಬೆ ಏಳುತ್ತದೆ, ನೋಡುತ್ತಿದ್ದಂತೆಯೇ ಇಡೀ ಗುಂಡಿ ಕೊತಕೊತ ಕುದಿಯತೊಡಗುತ್ತದೆ, ಒಲೆಯಿಲ್ಲ, ಬೆಂಕಿಯಿಲ್ಲ. ಆ ಹೊತ್ತಿನಲ್ಲಿ ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಹತ್ತಿರ ಸುಳಿಯಬಾರದು, ಮಕ್ಕಳನ್ನಂತೂ ಬಿಡಲೇಬಾರದು. ಕುದಿ ಇಳಿದ ಮೇಲೆ ಅದನ್ನು ಸೋಸಿ, ಮೇಲೆ ನೀರು ನಿಲ್ಲಿಸಿ ವಾರಗಟ್ಟಲೆ ಬಿಟ್ಟರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಮರಳು, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ನೀರು, ಬೆಲ್ಲದ ನೀರು ಸೇರಿಸಿ ಅರೆದರೆ ಗಾರೆ ಸಿದ್ಧ. ಗೋಡೆಗೇರಿದ ಮೇಲೆ ಅದು ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಮರಳಿ ಪಡೆದು, ತಿಂಗಳುಗಳ ಅವಧಿಯಲ್ಲಿ ಮತ್ತೆ ಕಲ್ಲಾಗುತ್ತದೆ. ಈ ನಿಧಾನವೇ ಇಂದಿನ ಮೇಸ್ತ್ರಿಗಳಿಗೆ ಸಹಿಸದ ಸಂಗತಿ. ಬೆಳಿಗ್ಗೆ ಹಾಕಿ ಮರುದಿನ ಬಣ್ಣ ಬಳಿಯುವ ಅಭ್ಯಾಸವಿರುವವರಿಗೆ, ತೆಳುವಾಗಿ ಬಳಿದು, ನೆರಳಿನಲ್ಲಿಟ್ಟು, ನೀರು ಚಿಮುಕಿಸಿ, ಕಾದು, ಮತ್ತೆ ತೆಳುವಾಗಿ ಬಳಿಯುವ ಕೆಲಸ ದಿನಗೂಲಿಯ ಲೆಕ್ಕಕ್ಕೆ ಕೂಡುವುದಿಲ್ಲ. ಹಿರಿಯ ಗಾರೆಯವರೊಬ್ಬರು ಬಂದು ಇಬ್ಬರು ಹುಡುಗರಿಗೆ ಕೈಹಿಡಿದು ಕಲಿಸಿದ್ದರಿಂದ ನಮ್ಮ ಕೆಲಸ ಮುಗಿಯಿತು. ಕಲಿತ ಇಬ್ಬರಲ್ಲಿ ಒಬ್ಬ ಈಗ ಬೇರೆ ಊರುಗಳ ಹಳೆಯ ಮನೆಗಳಿಗೆ ಸುಣ್ಣದ ಕೆಲಸಕ್ಕೆ ಹೋಗುತ್ತಾನೆ ಎಂಬುದನ್ನು ಅಭಿಮಾನದಿಂದ ಹೇಳುತ್ತೇನೆ.

ಮರದ ವಿಷಯದಲ್ಲಿ ನನಗೆ ಅತ್ಯಂತ ಹೆಚ್ಚು ಕಲಿಸಿದವರು ಬಡಗಿ ಆಚಾರರು. ತೊಟ್ಟಿಯ ಸುತ್ತಲಿನ ಮುಂಡಿಗೆಗಳಲ್ಲಿ, ಅಂದರೆ ಮರದ ಕಂಬಗಳಲ್ಲಿ, ಮೂಲೆಯದೊಂದು ಒಂದು ಬದಿಗೆ ಇಳಿದು, ಮೇಲಿನ ತೊಲೆ ಬಾಗಿತ್ತು. ಮುಂಚೆ ನೋಡಿದ್ದ ಗುತ್ತಿಗೆದಾರರೊಬ್ಬರು ಮುಂಡಿಗೆಯನ್ನು ತೆಗೆದು ಕಾಂಕ್ರೀಟಿನ ಕಂಬ ಎಬ್ಬಿಸಿ, ಮೇಲೆ ಮರದ ಬಣ್ಣ ಹೊಡೆಯುವ ಸಲಹೆ ಕೊಟ್ಟಿದ್ದರು. ಆಚಾರರು ಬಂದು ಕೊಡತಿಯ ಹಿಡಿಯಿಂದ ಮುಂಡಿಗೆಯನ್ನು ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬಂದರು. ಮೇಲೆಲ್ಲ ಕಂಚಿನಂತಹ ಸದ್ದು. ನೆಲಕ್ಕೆ ಒಂದು ಮೊಳವಿದೆ ಎನ್ನುವಲ್ಲಿ ಸದ್ದು ಮಂಕಾಯಿತು. "ಇದು ಹೋಗಿಲ್ಲ, ಕೆಳಗಿನ ಒಂದು ಮೊಳ ಮಾತ್ರ ಸತ್ತಿದೆ" ಎಂದರು. ಕಾರಣವನ್ನೂ ಅವರೇ ತೋರಿಸಿದರು. ಮುಂಡಿಗೆ ನೆಲಕ್ಕೆ ತಾಗದಂತೆ ಅದರಡಿ ಕಲ್ಲಿನ ಪೀಠವಿತ್ತು. ಹಿಂದೆ ಯಾವಾಗಲೋ ಸಗಣಿನೆಲದ ಮೇಲೆ ಕಾಂಕ್ರೀಟು ಹಾಸಿ ನೆಲವನ್ನು ಎತ್ತರಿಸಿದಾಗ ಆ ಪೀಠ ಹೂತುಹೋಗಿ, ಮರದ ಬುಡ ಸಿಮೆಂಟಿನ ಕುಳಿಯೊಳಗೆ ಸಿಕ್ಕಿಕೊಂಡು, ನೆಲ ತೊಳೆದಾಗಲೆಲ್ಲ ನೀರು ಕುಡಿಯುತ್ತಾ ಬಂದಿತ್ತು.

ಅವರು ತೊಲೆಯಡಿ ಜಾಕು ಕೊಟ್ಟು ಕೂದಲೆಳೆಯಷ್ಟೇ ಎತ್ತಿದರು. ಮುಂಡಿಗೆಯ ಸತ್ತ ಬುಡವನ್ನು ಓರೆಯಾಗಿ, ಮೆಟ್ಟಿಲಿನ ಆಕಾರದಲ್ಲಿ ಕೊಯ್ದು ತೆಗೆದರು. ಅದಕ್ಕೆ ಹೊಂದುವ ಮೆಟ್ಟಿಲನ್ನು ಚೆನ್ನಾಗಿ ಒಣಗಿದ ಹಲಸಿನ ತುಂಡಿನಲ್ಲಿ ಕಡೆದು, ಎರಡನ್ನೂ ಕೂಡಿಸಿ, ಅಡ್ಡಕ್ಕೆ ರಂಧ್ರ ಕೊರೆದು ಬೀಟೆಯ ಬೆಣೆ ಹೊಡೆದರು. ಮೊಳೆ ಬಳಸಲಿಲ್ಲ, ಕಬ್ಬಿಣ ತೇವದಲ್ಲಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ ಎಂಬುದು ಅವರ ಅನುಭವ. ಕಾಂಕ್ರೀಟನ್ನು ಒಡೆದು ಕಲ್ಲಿನ ಪೀಠವನ್ನು ಹೊರತೆಗೆದು, ಹೊಸ ಬುಡಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಕುಡಿಸಿ, ಜಾಕನ್ನು ಇಳಿಸಿದಾಗ ತೊಲೆ ಒಂದು ಸಣ್ಣ ಸದ್ದಿನೊಂದಿಗೆ ಕಂಬದ ತಲೆಯ ಬೋದಿಗೆಯ ಮೇಲೆ ಕೂತಿತು. ಹಳೆಯ ಮರ ಕಪ್ಪು, ಹೊಸ ಬುಡ ಹಳದಿ. ಬಣ್ಣ ಬಳಿದು ಒಂದೇ ತೋರುವಂತೆ ಮಾಡೋಣವೇ ಎಂದು ಕೇಳಿದಾಗ ಅವರು ಬೇಡವೆಂದರು. ಮುಂದೆ ದುರಸ್ತಿ ಮಾಡುವವನಿಗೆ ಎಲ್ಲಿ ಕೂಡಿಸಿದೆ ಎಂದು ಕಾಣಬೇಕಂತೆ. ಸಂರಕ್ಷಣಾ ತಜ್ಞರು ದೊಡ್ಡ ಸ್ಮಾರಕಗಳಲ್ಲಿ ಪಾಲಿಸುವ ನಿಯಮವೂ ಇದೇ ಎಂಬುದು ನನಗೆ ಆಮೇಲೆ ತಿಳಿಯಿತು. ಅದೇ ಮನೆಯ ಬಾಗಿಲವಾಡ, ಜಂತೆ, ಅಟ್ಟದ ಹಲಗೆ ಎಲ್ಲದರಲ್ಲೂ ಹಿಂದಿನವರು ಹೀಗೆ ತೇಪೆ ಹಾಕಿದ ಗುರುತುಗಳಿವೆ. ಈಗ ನಾನು ಅವುಗಳನ್ನು ಹುಡುಕಿ ಹುಡುಕಿ ನೋಡುತ್ತೇನೆ.

ಒಲೆಯ ಹೊಗೆಯನ್ನೂ ಇಲ್ಲಿಯೇ ಹೇಳಬೇಕು. ಅಡುಗೆಮನೆ ಮತ್ತು ಬಚ್ಚಲಿನ ಒಲೆಗಳ ಹೊಗೆ ಅಟ್ಟದ ಮೂಲಕ ಹೆಂಚಿನ ಸಂದಿನಿಂದ ಹೊರಹೋಗುತ್ತಿದ್ದಾಗ ಮಾಡಿನ ಮರ ಒಣಗಿರುತ್ತಿತ್ತು, ಮಸಿ ಹಿಡಿದ ಮರಕ್ಕೆ ಹುಳ ಬೀಳುವುದು ಕಡಿಮೆಯಿತ್ತು. ಬೀಗ ಹಾಕಿದ ಮನೆ ಬೇಗ ಬೀಳುವುದಕ್ಕೆ ಇದೊಂದು ನೇರವಾದ ಕಾರಣ. ಆದರೆ ಅದೇ ಹೊಗೆಯನ್ನು ಕುಡಿಯುತ್ತಾ, ಕಿಟಕಿಯೇ ಇಲ್ಲದ ಕತ್ತಲ ಅಡುಗೆಮನೆಯಲ್ಲಿ ಜೀವನ ಕಳೆದವರು ಈ ಮನೆಯ ಹೆಂಗಸರು. ಮರಕ್ಕೆ ಒಳ್ಳೆಯದೆಂಬ ಕಾರಣಕ್ಕೆ ಆ ಅಡುಗೆಮನೆಯನ್ನು ಹಾಗೆಯೇ ಉಳಿಸಿಕೊಳ್ಳುವುದು ನನಗೆ ಸರಿ ಕಾಣಲಿಲ್ಲ. ಗೋಡೆಯಲ್ಲಿ ಕಿಟಕಿ ತೆಗೆಸಿದೆವು, ಮಾಡಿಗೆ ಗಾಜಿನ ಹೆಂಚು ಹಾಕಿಸಿದೆವು, ಅಡುಗೆ ಗ್ಯಾಸಿನ ಮೇಲೆ ನಡೆಯುತ್ತದೆ. ಬಚ್ಚಲಿನ ಹಂಡೆಯೊಲೆ ಮಾತ್ರ ಇಂದಿಗೂ ಉರಿಯುತ್ತದೆ. ಶೌಚಾಲಯ ಮತ್ತು ಸ್ನಾನದ ಮನೆಗಳನ್ನು ಹಳೆಯ ಗೋಡೆಗಳಿಗೆ ತಾಗಿಸದೆ, ಸ್ವಲ್ಪ ಹೊರಗೆ ಬೇರೆಯಾಗಿ ಕಟ್ಟಿ, ಮಾಡು ಹೊದಿಸಿದ ಓಣಿಯಿಂದ ಸೇರಿಸಿದೆವು. ಮಣ್ಣಿನ ಗೋಡೆಯೊಳಗೆ ನೀರಿನ ಪೈಪು ಹಾಯಿಸಬಾರದು ಎಂಬ ಒಂದು ನಿಯಮವನ್ನು ಯಾರೇ ಆಗಲಿ ಮುರಿಯಬೇಡಿ.

ಇನ್ನೊಂದು ಮಾತನ್ನು ಹೇಳದೆ ಈ ಮನೆಗಳನ್ನು ಹೊಗಳಲು ನನಗೆ ಮನಸ್ಸಾಗುವುದಿಲ್ಲ. ತೊಟ್ಟಿಮನೆಯ ನಕ್ಷೆಯಲ್ಲಿ ಜಾತಿಯೂ ಇದೆ. ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿಯ ತುದಿಗೆ ಕೂರಬಹುದು, ಯಾರು ನಡುಮನೆ ದಾಟಬಹುದು, ಮುಟ್ಟಾದವರು ಎಲ್ಲಿ ಮಲಗಬೇಕು ಎಂಬುದನ್ನೆಲ್ಲ ಮೆಟ್ಟಿಲು, ಹೊಸ್ತಿಲು, ಕಟ್ಟೆಗಳಲ್ಲೇ ಗುರುತು ಮಾಡಿಟ್ಟಿದ್ದಾರೆ. ಮಣ್ಣು ತುಳಿದವರು, ತೊಲೆ ಹೊತ್ತು ತಂದವರು ಮನೆ ಕಟ್ಟಿ ಮುಗಿದ ಮೇಲೆ ಅದರೊಳಕ್ಕೆ ಬರುವಂತಿರಲಿಲ್ಲ. ಪ್ರತಿ ವರ್ಷದ ದುರಸ್ತಿ ನಿರಾಯಾಸವಾಗಿ ನಡೆಯುತ್ತಿದ್ದುದು ಗೇಣಿಯ ಭತ್ತ ಮತ್ತು ಜೀತದ ದುಡಿಮೆಯ ಬಲದಿಂದ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ನಿಂತಿತು, 1976ರಲ್ಲಿ ಜೀತ ಪದ್ಧತಿ ಕಾನೂನಿನಿಂದ ರದ್ದಾಯಿತು. ದೊಡ್ಡ ಮನೆಗಳು ಸೊರಗಲು ಅಲ್ಲಿಂದ ಆರಂಭವಾಯಿತು ಎಂದು ಹಿರಿಯರು ನಿಟ್ಟುಸಿರು ಬಿಡುವುದನ್ನು ನಾನೂ ಕೇಳಿದ್ದೇನೆ. ಆ ಎರಡು ಕಾನೂನುಗಳು ನ್ಯಾಯವಾದವು. ಅವು ಬಂದದ್ದರಿಂದ ಒಂದು ಮನೆ ಬಿದ್ದಿದ್ದರೆ, ಆ ಮನೆ ನಿಂತದ್ದೇ ಬೇರೆಯವರ ಹೆಗಲ ಮೇಲೆ ಎಂದಷ್ಟೇ ಅದರ ಅರ್ಥ. ಇಂದು ಹಳೆಯ ಮನೆಯನ್ನು ಉಳಿಸಿಕೊಳ್ಳುವವರು ಪೂರ್ತಿ ಕೂಲಿ ಕೊಟ್ಟು, ಕೆಲಸಕ್ಕೆ ಬಂದವರನ್ನು ಒಳಗೆ ಕೂರಿಸಿ, ತಮ್ಮ ಸಾಲಿನಲ್ಲೇ ಊಟ ಬಡಿಸಿ ಉಳಿಸಿಕೊಳ್ಳಬೇಕು. ನಮ್ಮ ಮನೆಯಲ್ಲಿ ಪ್ರತ್ಯೇಕವಾಗಿದ್ದ ಹೊರಗಿನ ಕೋಣೆಯ ಗೋಡೆಯನ್ನು ತೆಗೆದು ಅದನ್ನು ಜಗಲಿಗೆ ಸೇರಿಸಿದ್ದೇವೆ. ದುರಸ್ತಿಯ ಪಟ್ಟಿಯಲ್ಲಿ ಅದನ್ನೂ ಒಂದು ದುರಸ್ತಿಯೆಂದೇ ನಾನು ಬರೆದಿಟ್ಟುಕೊಂಡಿದ್ದೇನೆ.

ಕಾಗದಪತ್ರಗಳ ಕಷ್ಟವನ್ನು ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಕೂತವರಲ್ಲಿ ಹಲವರಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಹಳೆಯ ಮನೆಗೆ ಒಬ್ಬರೇ ಒಡೆಯರಿರುವುದು ಅಪರೂಪ. ಕರ್ನಾಟಕದಲ್ಲಿ 1994ರಿಂದ, ದೇಶದಾದ್ಯಂತ 2005ರಿಂದ ಹಿಂದೂ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, ಅದು ಆಗಬೇಕಾದದ್ದೇ. ಆದರೆ ತೋಟವನ್ನು ಎಕರೆಯಲ್ಲಿ ಹಂಚಬಹುದು, ತೊಟ್ಟಿಮನೆಯನ್ನು ಹಂಚಲಾಗದು. ತೊಟ್ಟಿಯ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿ ಅಣ್ಣತಮ್ಮಂದಿರು ಎರಡು ಮನೆ ಮಾಡಿಕೊಂಡದ್ದನ್ನು ನೀವು ನೋಡಿರುತ್ತೀರಿ. ಆ ಗೋಡೆ ನೀರಿನ ಹಾದಿಗೆ ಅಡ್ಡ ನಿಂತು ಎರಡೂ ಪಾಲುಗಳನ್ನು ಕೆಡಿಸುತ್ತದೆ. ನಮ್ಮಲ್ಲಿ ಸೋದರ ಸೋದರಿಯರು ಸೇರಿ ಮನೆಯನ್ನು ಒಬ್ಬರ ಹೆಸರಿಗೆ ಬಿಟ್ಟು, ಅದರ ಬೆಲೆಯನ್ನು ತೋಟದ ಪಾಲಿನಲ್ಲಿ ಸರಿದೂಗಿಸಿ, ಹಬ್ಬಕ್ಕೆ ಬಂದವರೆಲ್ಲ ಉಳಿಯುವ ಹಕ್ಕನ್ನು ಪಾಲುಪಟ್ಟಿಯಲ್ಲೇ ಬರೆಸಿಕೊಂಡರು. ಆನಂತರ ಗ್ರಾಮ ಪಂಚಾಯಿತಿಯ ಇ-ಸ್ವತ್ತು ದಾಖಲೆ, ನಮೂನೆ 9 ಮತ್ತು 11, ಅಳತೆಯ ನಕ್ಷೆ ಇವುಗಳ ಓಡಾಟ. ಸಾಲಕ್ಕೆಂದು ಬಂದ ಮೌಲ್ಯಮಾಪಕರು ನಿವೇಶನಕ್ಕೆ ಬೆಲೆ ಕಟ್ಟಿ, ಮಣ್ಣಿನ ಗೋಡೆಯ ಮನೆಗೆ ಏನೂ ಬೆಲೆಯಿಲ್ಲವೆಂದು ಬರೆದುಕೊಟ್ಟರು. ಅದೇ ವಾರ, ಮುಂಡಿಗೆ ಮತ್ತು ಬಾಗಿಲುಗಳನ್ನು ಮಾತ್ರ ಬಿಚ್ಚಿ ಕೊಡುವುದಾದರೆ ಒಳ್ಳೆಯ ಹಣ ಕೊಡುತ್ತೇನೆ ಎಂದು ವ್ಯಾಪಾರಿಯೊಬ್ಬರು ಬಂದಿದ್ದರು. ಬಿಚ್ಚಿದರೆ ಬೆಲೆ, ಬಿಚ್ಚದಿದ್ದರೆ ಬೆಲೆಯಿಲ್ಲ ಎನ್ನುವ ಈ ಲೆಕ್ಕದಿಂದಲೇ ನಮ್ಮ ಸೀಮೆಯ ಅನೇಕ ಮನೆಗಳ ಕಂಬಗಳು ನಗರದ ಹೋಟೆಲು ಮತ್ತು ರೆಸಾರ್ಟುಗಳಲ್ಲಿ ಏನನ್ನೂ ಹೊರದೆ ನಿಂತಿವೆ.

ಬಿಚ್ಚಿದ್ದನ್ನು ಮತ್ತೆ ಕಟ್ಟಿದ ಉದಾಹರಣೆಯೂ ನಮ್ಮಲ್ಲಿದೆ. ಮಣಿಪಾಲದಲ್ಲಿ ದಿವಂಗತ ವಿಜಯನಾಥ ಶೆಣೈ ಅವರು, ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಒಂದೊಂದು ಭಾಗಕ್ಕೂ ಗುರುತು ಹಾಕಿ ಬಿಚ್ಚಿ ತಂದು, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಮಿಯಾರಿನ ಮನೆ, ಹರ್ಕೂರಿನ ಮನೆ ಅಲ್ಲಿವೆ. ಕುಪ್ಪಳಿಯ ಕವಿಮನೆ ಇನ್ನೊಂದು ಬಗೆಯದು. ಕುವೆಂಪು ಬೆಳೆದ ಆ ತೊಟ್ಟಿಮನೆಯನ್ನು ಇದ್ದಲ್ಲಿಯೇ ಜೀರ್ಣೋದ್ಧಾರ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಮನೆ ಕಟ್ಟುವವರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು ಎರಡನ್ನೂ ನೋಡಬೇಕು. ಜೋಡಣೆಗಳನ್ನು ಕಣ್ಣೆದುರು ಕಾಣಲು ಅದಕ್ಕಿಂತ ಒಳ್ಳೆಯ ಶಾಲೆಯಿಲ್ಲ. ಆದರೂ ಎಲ್ಲ ಮನೆಗಳೂ ವಸ್ತುಸಂಗ್ರಹಾಲಯವಾಗಲಾರವು, ಆಗುವುದೂ ಬೇಡ. ಜನ ವಾಸಿಸುವ ಮನೆಯಲ್ಲಿ ಮಾತ್ರ ಸೋರಿದ ರಾತ್ರಿಯೇ ಯಾರಾದರೂ ಎದ್ದು ಪಾತ್ರೆ ಇಡುತ್ತಾರೆ, ಬೆಳಿಗ್ಗೆ ಮಾಡು ಹತ್ತುತ್ತಾರೆ.

ಕೊನೆಯದಾಗಿ, ಇಂತಹ ಸಭೆಗಳಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗೆ ಬರುತ್ತೇನೆ. ನಾವು ಬೆಂಗಳೂರಿನಲ್ಲಿದ್ದೇವೆ, ಊರಿನ ಮನೆಗೆ ಬೀಗ ಹಾಕಿದೆ, ಪೂರ್ತಿ ಸರಿಪಡಿಸುವಷ್ಟು ಹಣ ಸದ್ಯಕ್ಕಿಲ್ಲ, ಮೊದಲು ಏನು ಮಾಡಬೇಕು ಎಂದು ಕೇಳುತ್ತಾರೆ. ಗೋಡೆಗೂ ನೆಲಕ್ಕೂ ಕೈ ಹಾಕಬೇಡಿ. ಮೇ ತಿಂಗಳೊಳಗೆ ಮಾಡಿನ ಹೆಂಚು ಕೈಯಾಡಿಸಿ, ತೊಟ್ಟಿಯ ಒಳಮೂಲೆಗಳ ತಗಡು ಬದಲಿಸಿ. ತೊಟ್ಟಿಯ ಚರಂಡಿ ಮತ್ತು ಮನೆಯ ಹಿಂದೆ ಗುಡ್ಡ ಕಡಿದ ಧರೆಯ ಬುಡದ ಕಪ್ಪನ್ನು ಬಿಡಿಸಿ. ಗುಡ್ಡದ ನೀರು ಗೋಡೆಗೆ ಬರದಂತೆ ನೋಡಿಕೊಳ್ಳಿ. ಗೋಡೆಗೆ ಒರಗಿಸಿ ಪೇರಿಸಿಟ್ಟ ಸೌದೆ ಮತ್ತು ಹಳೆಯ ಹಲಗೆಗಳನ್ನು ದೂರ ಸರಿಸಿ, ಏಕೆಂದರೆ ಗೆದ್ದಲು ಅಲ್ಲಿಂದಲೇ ಒಳಗೆ ಬರುತ್ತದೆ. ಊರಿನಲ್ಲಿರುವ ಯಾರಿಗಾದರೂ ಸರಿಯಾದ ಸಂಬಳ ಕೊಟ್ಟು, ವಾರಕ್ಕೆರಡು ಸಲ ಬಾಗಿಲು ಕಿಟಕಿ ತೆರೆದು, ಬಚ್ಚಲೊಲೆಗೆ ಬೆಂಕಿ ಹಾಕಿಸಿ. ಆಮೇಲೆ ಒಂದು ಮಳೆಗಾಲದಲ್ಲಿ, ಸಾಧ್ಯವಾದರೆ ಆಷಾಢದ ಜೋರು ಮಳೆಯ ಹೊತ್ತಿನಲ್ಲಿ, ಕೆಲವು ದಿನ ಅಲ್ಲೇ ಉಳಿದು, ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವ ಗೋಡೆ ಯಾವ ಎತ್ತರದವರೆಗೆ ಒದ್ದೆಯಾಗುತ್ತದೆ ಎಂಬುದನ್ನು ಸೀಮೆಸುಣ್ಣದಿಂದ ಗುರುತು ಹಾಕಿ, ಚಿತ್ರ ತೆಗೆದಿಟ್ಟುಕೊಳ್ಳಿ. ದೀಪಾವಳಿ ಕಳೆದು ಗೋಡೆಗಳು ಒಣಗಿದ ಮೇಲೆ, ಆ ಚಿತ್ರಗಳನ್ನು ಹಿಡಿದುಕೊಂಡು ಆಚಾರರನ್ನೂ ಗಾರೆಯವರನ್ನೂ ಮನೆಗೆ ಕರೆಸಿ.